ಎಡಮಗ್ಗುಲಿನ ಕಾರು

ಪಿಯೆರಾಳ ಕಾಫಿ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಕಾರು ಮಾಡುವವರ ಒಳಮನೆಯಲ್ಲಿ ಕೆಲಸ ಮಾಡುವವನು ಅಲ್ಲಿ ಕೂತು ಕಾಫಿ ಕುಡಿಯಬಹುದು, ಫುಟ್‌ಬಾಲಿನ ಬಗ್ಗೆ, ಹೆಂಡತಿಯ ತಂಗಿಯ ಬಗ್ಗೆ ಬೇಕಾದಷ್ಟು ಹರಟಬಹುದು. ಆದರೆ ಇನ್ನೂ ರಸ್ತೆಗೆ ಬಾರದ ಕಾರಿನ ಬಗ್ಗೆ ಅವನು ತುಟಿ ಬಿಚ್ಚುವಂತಿಲ್ಲ. ಆ ವಿಷಯ ಏನೂ ತಿಳಿಯದವರಿಗೆ ಮೀಸಲು. ಟುರಿನ್ ಊರಿನ ಅರ್ಧ ಜನ ಕಾರು ಮಾಡಿ ಹೊಟ್ಟೆ ಹೊರೆದವರು, ಇನ್ನರ್ಧ ಜನ ಆ ಕಾರುಗಳನ್ನು ಬೈದು ಹೊತ್ತು ಕಳೆದವರು. ಎರಡೂ ಬಣಗಳು ಒಂದೇ ಸೂರಿನಡಿ ಕಾಫಿ ಕುಡಿಯಬೇಕಾದರೆ ಇಂಥದೊಂದು ಕಟ್ಟಳೆ ಬೇಕೇ ಬೇಕು.

ಎಲ್ವಿಯೊ ಕ್ರವೇರೊ ಆ ಕಟ್ಟಳೆಯನ್ನು ಮೂವತ್ತು ವರ್ಷದಿಂದ ಪಾಲಿಸಿಕೊಂಡು ಬಂದಿದ್ದ. ಎರಡು ಬೀದಿ ಆಚೆಗಿದ್ದ ರಾವೆರಾ ವಿನ್ಯಾಸಶಾಲೆಯಲ್ಲಿ, ಬೇರೆ ಬೇರೆ ಕಂಪನಿಗಳಿಗೆ ಕಾರಿನ ರೂಪ ಬರೆದುಕೊಡುವಲ್ಲಿ, ಅವನಿಗೆ ಕೆಲಸ. ಅದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾಗೆ ನೋಡಿದರೆ ಅವನು ಮುಚ್ಚಿಡಬೇಕಾದದ್ದೂ ಹೆಚ್ಚೇನೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಬರೆದ ಗೆರೆಗಳಲ್ಲಿ ರಸ್ತೆ ಕಂಡವು ಬಾಗಿಲ ಹಿಡಿಕೆಗಳು, ಪಕ್ಕದ ಕನ್ನಡಿಗಳು, ಒಂದು ಪೆಟ್ರೋಲ್ ಮುಚ್ಚಳ. ನಾಲ್ಕು ಕಂಪನಿಗಳ ಕಾರುಗಳನ್ನು ಜನ ಅವನ ಹಿಡಿಕೆ ಹಿಡಿದು ತೆರೆಯುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗರು ಬೆನ್ನ ಹಿಂದೆ ಅವನನ್ನು 'ಹಿಡಿಕೆ ಮೇಷ್ಟ್ರು' ಎನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಇಡೀ ಕಾರು ಮಾತ್ರ ಒಂದೂ ಅವನದಾಗಿರಲಿಲ್ಲ. ಪ್ರತಿ ಸಲವೂ ಕೊನೆಯ ಸುತ್ತಿನಲ್ಲಿ ಯಾರದೋ ಕಾರು ಗೆಲ್ಲುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ಈಗ ಕೊನೆಯದೊಂದು ತುತ್ತು ಕೈಗೆ ಬಂದಿತ್ತು. ಹಳೆಯ ಇಟಲಿಯ ರೇಸಿಂಗ್ ಹೆಸರೊಂದನ್ನು ಕೊಂಡುಕೊಂಡಿದ್ದ ಚೀನಾದ ಕಂಪನಿಯೊಂದು ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ರೂಪ ಕೊಡಿ ಎಂದು ರಾವೆರಾ ಶಾಲೆಯನ್ನು ಕೇಳಿತ್ತು. ಬರುವ ವಸಂತಕ್ಕೆ ಎಲ್ವಿಯೊ ನಿವೃತ್ತ. ಇದು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಅವನು ಹಿಡಿಕೆ ಮೇಷ್ಟ್ರಾಗಿಯೇ ಮನೆಗೆ ಹೋಗುತ್ತಾನೆ.

ಆ ಶಾಲೆಯಲ್ಲಿ ಒಂದು ಕಾರಿಗೆ ರೂಪ ಕೊಡಲು ಇಬ್ಬರನ್ನು ಪೈಪೋಟಿಗೆ ಬಿಡುವುದು ರೂಢಿ. ಮಣ್ಣಿನ ಮಾದರಿ ಮಾತ್ರ ಒಂದೇ, ನಿಜವಾದ ಕಾರಿನಷ್ಟೇ ದೊಡ್ಡದು. ಮೂಗಿನಿಂದ ಬಾಲದವರೆಗೆ ನಡುವೆ ಗೆರೆ ಎಳೆದು ಎಡಮಗ್ಗುಲು ಒಬ್ಬರಿಗೆ, ಬಲಮಗ್ಗುಲು ಇನ್ನೊಬ್ಬರಿಗೆ. ಎಡದಿಂದ ನೋಡಿದರೆ ಒಂದು ಕಾರು, ಬಲದಿಂದ ನೋಡಿದರೆ ಮತ್ತೊಂದು. ಎದುರಿನಿಂದ ನೋಡಿದರೆ ಅರ್ಧ ಮೀಸೆ ಬೋಳಿಸಿಕೊಂಡ ಮುಖ. ನೋಡಲು ಬಂದ ಗಿರಾಕಿ ಒಂದು ಸುತ್ತು ಹಾಕಿ, ಈ ಕಡೆಯದು ಅಥವಾ ಆ ಕಡೆಯದು ಎಂದು ಬೆರಳು ತೋರಿಸಿದರೆ ಮುಗಿಯಿತು. ಸೋತ ಮಗ್ಗುಲನ್ನು ಮಾರನೇ ದಿನವೇ ಕೆರೆದು ಹಾಕಿ, ಗೆದ್ದದ್ದರ ಪ್ರತಿರೂಪವನ್ನು ಅಲ್ಲಿ ಮೆತ್ತುತ್ತಾರೆ.

ಎಡಮಗ್ಗುಲು ಎಲ್ವಿಯೊನದು. ಬಲ ನೊಯೆಮಿಯದು. ಅವಳಿಗೆ ಇಪ್ಪತ್ತೊಂಬತ್ತು. ಅವಳ ತಾತ ದಕ್ಷಿಣದಿಂದ ಬಂದು ಈ ಊರಿನ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಿದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಣ್ಣು ಕೆರೆಯುವ ಉಪಕರಣವನ್ನು ಯಾವ ಕೋನದಲ್ಲಿ ಹಿಡಿಯಬೇಕು ಎಂಬುದನ್ನೂ ಎಲ್ವಿಯೊನೇ ಅವಳಿಗೆ ಹೇಳಿಕೊಟ್ಟಿದ್ದ. ಅವಳು ಅವನನ್ನು ಮುಖದೆದುರೂ ಬೆನ್ನ ಹಿಂದೆಯೂ ಬರೀ 'ಮೇಷ್ಟ್ರೇ' ಎಂದೇ ಕರೆಯುತ್ತಿದ್ದಳು. ಇದು ಅವನಿಗೆ ಗೊತ್ತಿತ್ತು, ಅದರಿಂದ ಅವನಿಗೆ ಒಂದಿಷ್ಟು ಕಿರಿಕಿರಿಯೂ ಆಗುತ್ತಿತ್ತು. ಒಳ್ಳೆಯವರನ್ನು ಎದುರಾಳಿಯಾಗಿ ಪಡೆಯುವುದು ಸುಖದ ಮಾತಲ್ಲ.

ಗಿರಾಕಿ ಬರುವ ಹಿಂದಿನ ದಿನ ಬಣ್ಣ ಬಳಿದ ಕಾರಿನ ಹಾಗೆ ಕಾಣಲೆಂದು ಮಾದರಿಗೆ ಬೆಳ್ಳಿ ಬಣ್ಣದ ತೆಳು ಹಾಳೆ ಅಂಟಿಸಿ, ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡಲೆಂದು ಅಂಗಳಕ್ಕೆ ತಳ್ಳಿದ್ದರು. ಅಂಗಳದ ಸುತ್ತ ಎತ್ತರದ ಗೋಡೆ. ಗೋಡೆಗಿಂತ ಎತ್ತರದಲ್ಲಿ ನಾಂದೊ ಎಂಬವನ ನಾದಿನಿಯ ಬಾಲ್ಕನಿ.

ಮರುದಿನ ಬೆಳಿಗ್ಗೆ ನಾಂದೊ ಅಂಗಡಿಗೆ ಬಂದದ್ದೇ ಫೋನನ್ನು ಮೇಲೆತ್ತಿ ಹಿಡಿದುಕೊಂಡು. ಅವನು ತಗಡು ಬಡಿಯುವ ಕೆಲಸದಿಂದ ನಿವೃತ್ತನಾದವನು, ಈಗ ಮಾತು ಬಡಿಯುತ್ತಾನೆ. ಅವನ ಜೋಡಿ ರೇಮೊ, ಹಲ್ಲಿನ ಡಾಕ್ಟರಾಗಿದ್ದವನು. ಒಂದು ಹಳೆಯ ಕೆಂಪು ಕಾರನ್ನು ಹೆಂಡತಿಗಿಂತ ಚೆನ್ನಾಗಿ ನೋಡಿಕೊಂಡು, ಕೊನೆಗೆ ಕಾರಿನ ಜೊತೆ ಒಬ್ಬನೇ ಉಳಿದವನು.

"ಬಾರೋ ಡಾಕ್ಟ್ರೇ, ಬಾ. ನಮ್ಮ ನಾದಿನಿ ಪುಣ್ಯಾತ್ಗಿತ್ತಿ ಬಾಲ್ಕನಿಯಿಂದ ಏನು ಫೋಟೋ ಹಿಡಿದಿದಾಳೆ ನೋಡು. ಎಡಕ್ಕೊಂದು, ಬಲಕ್ಕೊಂದು!"

ರೇಮೊ ಕನ್ನಡಕ ಏರಿಸಿದ. ಟುರಿನ್ನಿನ ಮಕ್ಕಳಿಗೂ ಎರಡು ಮಗ್ಗುಲಿನ ಮಾದರಿ ಎಂದರೇನೆಂದು ಗೊತ್ತು, ಅವನಿಗೆ ವಿವರಿಸಬೇಕಾಗಲಿಲ್ಲ.

"ಅಯ್ಯೋ ದೇವರೇ, ಈ ಬಲಗಡೇದು ಏನೋ ಇದು? ಸಿಟ್ಟು ಬಂದಿರೋ ಇಸ್ತ್ರಿಪೆಟ್ಟಿಗೆ!"

"ಫ್ರಿಜ್ಜು ಅಡ್ಡ ಮಲಗಿಸಿ ಚಕ್ರ ಹಾಕಿದಾರೆ ಕಣೋ. ಬಾಗಿಲಿಗೆ ಹಿಡಿಕೇನೂ ಇಲ್ಲ. ಒಳಗೆ ಹೋಗೋದು ಹೇಗೆ, ಪ್ರಾರ್ಥನೆ ಮಾಡ್ಕೊಂಡಾ?"

"ಲಾರಿ ಕೆಳಗೆ ಸಿಕ್ಕ ಕಪ್ಪೆ ನೋಡಿದೀಯಾ? ಅದೇ. ಸೊಂಟ ಇಲ್ಲ, ಬೆನ್ನಿಲ್ಲ. ಈಗಿನ ಹುಡುಗರಿಗೆ ಪೆನ್ಸಿಲ್ ಹಿಡಿಯೋಕೆ ಬರಲ್ಲ, ಬರೀ ಕಂಪ್ಯೂಟರ್ ಗುಂಡಿ ಒತ್ತುತಾವೆ. ಎಲ್ಲಾ ಕೆಟ್ಟುಹೋಯ್ತು. ಫೆರಾರಿಗೇ ನಾಲ್ಕು ಬಾಗಿಲು ಬಂತು, ಇನ್ನೇನು ನೋಡೋದಿದೆ?"

"ಪೋರ್ಷೆಯವರೇ ವಾಸಿ ಬಿಡು. ಅರವತ್ತು ವರ್ಷದಿಂದ ಅದೊಂದೇ ಕಾರು ಮಾಡ್ಕೊಂಡು ಕೂತಿದಾರೆ."

"ಮೊದಲ್ನೇ ಸಲಾನೇ ಸರಿಯಾಗಿ ಮಾಡಿದ್ರೆ ಇನ್ನೊಂದು ಯಾಕಪ್ಪಾ ಬೇಕು? ಆದ್ರೂ ಜರ್ಮನರು ಅಳೆದು ಗೆರೆ ಎಳೀತಾರೆ, ನಾವು ಗೆರೆ ಎಳೆದು ಆಮೇಲೆ ಅಳೀತೀವಿ. ವ್ಯತ್ಯಾಸ ಅಲ್ಲಿರೋದು. ಎಲ್ಲಿ, ಆ ಎಡಗಡೇದು ತೋರ್ಸು ಇನ್ನೊಂದ್ಸಲ."

ಕಿಟಕಿಯ ಪಕ್ಕದ ಮೇಜಿನಲ್ಲಿ ಎಲ್ವಿಯೊ ಕಾಫಿಯ ಬಟ್ಟಲನ್ನು ತುಟಿಗೆ ಒತ್ತಿ ಹಿಡಿದಿದ್ದ. ಅದರಲ್ಲಿ ಕಾಫಿ ಮುಗಿದು ಬಹಳ ಹೊತ್ತಾಗಿತ್ತು.

ರೇಮೊ ಫೋನನ್ನು ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದ.

"ಇದು ಕಾರು," ಎಂದ ಕೊನೆಗೆ. "ಆ ಬೆನ್ನು ಹಿಂದಿನ ಚಕ್ರದ ಮೇಲೆ ಇಳಿದು ಬರೋದು ನೋಡು. ಇದನ್ನ ಮಾಡಿದೋನು ಈ ಊರಲ್ಲಿ ಹುಟ್ಟಿದೋನು. ಬರ್ದಿಟ್ಕೋ ಬೇಕಾದ್ರೆ. ಇಂಥದ್ದು ನೋಡಿ ನಲವತ್ತು ವರ್ಷ ಆಗಿತ್ತು ಕಣೋ."

"ನಂಗೆ ಕಣ್ಣಲ್ಲಿ ನೀರು ಬಂತು," ಎಂದ ನಾಂದೊ. ನಿಜಕ್ಕೂ ಬಂದಿತ್ತು. ಆದರೆ ಅವನಿಗೆ ಈರುಳ್ಳಿ ನೋಡಿದರೂ ಬರುತ್ತದೆ.

ಪಿಯೆರಾ ಕಾಫಿ ಯಂತ್ರದ ಹಿಂದಿನಿಂದ ಬಟ್ಟಲು ಒರೆಸುತ್ತಾ ಹೇಳಿದಳು: "ರೇಮೊ, ಲಂಬೋರ್ಗಿನಿಯವರ ಕೌಂಟಾಚ್ ಬಂದಾಗ ಇದೇ ಮೇಜು ಕುಟ್ಟಿ, ಅದು ಕಾರಲ್ಲ, ಬಾಗಿಲಿಗೆ ಇಡೋ ಬೆಣೆ ಅಂದೋನು ನೀನೇ ತಾನೆ? ನಾನಾಗ ಲಂಗ ಹಾಕ್ಕೊಂಡು ಅಮ್ಮನ ಜೊತೆ ಇಲ್ಲೇ ನಿಂತಿದ್ದೆ. ಆಮೇಲೆ ಹಲ್ಲು ಕೀಳೋ ಕೋಣೇಲಿ ಅದರ ಚಿತ್ರಾನೇ ಇಪ್ಪತ್ತು ವರ್ಷ ನೇತು ಹಾಕಿದ್ಯಲ್ಲ."

ಯಾರೂ ಕಿವಿಗೊಡಲಿಲ್ಲ. ಎಲ್ವಿಯೊನಂತೂ ಕೊಡಲೇ ಇಲ್ಲ. ಮೂವತ್ತು ವರ್ಷದ ಮೇಲೆ ಯಾರೋ ತನ್ನ ಕಾರಿಗೆ ಕಣ್ಣೀರು ಹಾಕಿದ್ದರು. ಅಂಥ ಹೊತ್ತಿನಲ್ಲಿ ಮನುಷ್ಯ ಹಾಡು ಕೇಳುತ್ತಾನೆಯೇ ಹೊರತು ಲೆಕ್ಕ ಕೇಳುವುದಿಲ್ಲ. ಅವನು ನಾಣ್ಯವನ್ನು ಮೇಜಿನ ಮೇಲಿಟ್ಟು, ಬಾಯಿಗೆ ಬೀಗ ಹಾಕಿಕೊಂಡು, ಎದೆಯೊಳಗೆ ಕುಣಿಯುತ್ತಾ ಶಾಲೆಯ ಕಡೆ ನಡೆದ.

ದಾರಿಯಲ್ಲಿ ಇನ್ನೊಂದು ಯೋಚನೆಯೂ ಅವನ ಜೊತೆ ನಡೆದು ಬಂತು. ಅದು ಅಷ್ಟೇನೂ ಒಳ್ಳೆಯದಲ್ಲ.

ರಾವೆರಾ ಶಾಲೆಯಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಗಿರಾಕಿಯ ಮುಂದೆ ಯಾರೂ ತಮ್ಮ ಮಗ್ಗುಲಿನ ಬಗ್ಗೆ ಮಾತಾಡಕೂಡದು, ಎದುರಾಳಿಯ ಮಗ್ಗುಲಿನ ಪರವಾಗಿ ಮಾತಾಡಬೇಕು. ಈಗಿನ ಯಜಮಾನ ರಾವೆರಾನ ಅಪ್ಪನ ಕಾಲದಲ್ಲಿ ಇಬ್ಬರು ವಿನ್ಯಾಸಕಾರರು ಗಿರಾಕಿಯ ಎದುರಿಗೇ ತಮ್ಮ ತಮ್ಮ ಮಗ್ಗುಲನ್ನು ಹೊಗಳಿಕೊಳ್ಳುತ್ತಾ ಹೋಗಿ, ಮಣ್ಣು ಕೆರೆಯುವ ಉಪಕರಣ ಹಿಡಿದು ಹೊಡೆದಾಡಿದ್ದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅದಕ್ಕೇ ನೆರೆಮನೆಯವರು ಬಂದು ಮಗುವಿನ ಗುಣ ಹೇಳಲಿ ಎಂದು ಮುದುಕ ಕಾನೂನು ಮಾಡಿದ. ಅಲ್ಲಿಂದ ಅದೇ ನಡೆದುಬಂದಿದೆ. ಹೆಚ್ಚಿನವರು ಎದುರಾಳಿಯನ್ನು ನೀರಸವಾಗಿ ಹೊಗಳಿ ಕೂತುಬಿಡುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಅಂದರೆ ಇವತ್ತು ಎಲ್ವಿಯೊ ನೊಯೆಮಿಯ ಇಸ್ತ್ರಿಪೆಟ್ಟಿಗೆಯ ಪರ ವಕಾಲತ್ತು ಮಾಡಬೇಕು.

ಗಿರಾಕಿ ಶ್ರೀಮತಿ ಫಾಂಗ್, ನಲವತ್ತರ ಆಸುಪಾಸಿನ ಹೆಂಗಸು. ಇದೇ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳಾದ್ದರಿಂದ ಇಲ್ಲಿನ ಭಾಷೆ ಅವಳಿಗೆ ನೀರು ಕುಡಿದಷ್ಟು ಸುಲಭ. ಅವಳು ಮಾದರಿಯ ಸುತ್ತ ಒಂದು ಸುತ್ತು ಬಂದು, ಎಡಮಗ್ಗುಲಿನಲ್ಲಿ ನಿಂತಳು. ಮಣ್ಣಿನ ಬಾಗಿಲಿಗೆ ಎಲ್ವಿಯೊ ನಿಜವಾದ ಅಲ್ಯೂಮಿನಿಯಂ ಹಿಡಿಕೆ ಕೂರಿಸಿದ್ದ. ಕಾರಿನ ಬೆನ್ನಿಗೆ ತಿಂಗಳುಗಟ್ಟಲೆ ನಿದ್ದೆಗೆಟ್ಟವನು, ಹಿಡಿಕೆಯನ್ನು ಒಂದು ಮಧ್ಯಾಹ್ನ, ಅಭ್ಯಾಸಬಲದಿಂದ ಮಾಡಿ ಮುಗಿಸಿದ್ದ.

"ಮೊದ್ಲು ನೀನು ಹೇಳಮ್ಮ," ಎಂದ ರಾವೆರಾ.

ನೊಯೆಮಿ ಮುಂದೆ ಬಂದಳು. ಅವಳ ಕೈಯಲ್ಲಿ ಕಾಗದವಿರಲಿಲ್ಲ.

"ಇದಕ್ಕೆ ವಿವರಣೆ ಬೇಕಾಗಿಲ್ಲ ಮೇಡಂ. ನಾನು ಚಿಕ್ಕೋಳಿದ್ದಾಗ ನಮ್ಮ ತಾತ ಭಾನುವಾರ ನನ್ನ ಕೈ ಹಿಡ್ಕೊಂಡು ಬೀದೀಲಿ ಹೋಗ್ತಾ, ಒಳ್ಳೆ ಕಾರು ಕಂಡ್ರೆ ನಿಂತುಬಿಡೋರು. ಟೋಪಿ ತೆಗೆಯೋರು, ಚರ್ಚಲ್ಲಿ ತೆಗೀತಾರಲ್ಲ ಹಾಗೆ. ಈ ಕಾರಿಗೆ ಅವರು ಟೋಪಿ ತೆಗೀತಿದ್ರು. ನೋಡಿದ ತಕ್ಷಣ ಯಾರಿಗಾದ್ರೂ ಇಷ್ಟ ಆಗುತ್ತೆ. ನನಗೂ ಆಯ್ತು. ಇಂಥ ಗೆರೆ ಎಳೆಯೋಕೆ ನನಗಿನ್ನೂ ಬರಲ್ಲ. ನಮ್ಮ ಮೇಷ್ಟ್ರಿಗೆ ಬರುತ್ತೆ."

ಹೇಳುತ್ತಾ ಅವಳು ಕಾರಿನ ಬೆನ್ನಿನ ಮೇಲೆ ಅಂಗೈ ಸವರಿದಳು. ಅದು ನಾಟಕವಲ್ಲ. ಎಲ್ವಿಯೊ ನೆಲ ನೋಡಿದ. ಅವಳು ತನ್ನ ಕಾರನ್ನು ತನಗಿಂತ ಚೆನ್ನಾಗಿ ಪ್ರೀತಿಸಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಮನಸ್ಸಿನಲ್ಲಿ ಕೃತಜ್ಞತೆ ಮೂಡಿತು. ಆ ಕೃತಜ್ಞತೆ ಅವನನ್ನು ಒಳ್ಳೆಯವನನ್ನಾಗಿ ಮಾಡಬಹುದಿತ್ತು, ಮಾಡಲಿಲ್ಲ. ಗೆಲುವು ಇಷ್ಟು ಹತ್ತಿರ ಬಂದಾಗ ಮನುಷ್ಯನಿಗೆ ಇನ್ನೊಂದು ಅಡಿ ತಳ್ಳಿಬಿಡೋಣ ಎನ್ನಿಸುತ್ತದೆ.

"ಇನ್ನು ನೀವು, ಎಲ್ವಿಯೊ."

ಎಲ್ಲರೂ ಬಲಮಗ್ಗುಲಿಗೆ ಬಂದರು. ಎಲ್ವಿಯೊ ಗಂಟಲು ಸರಿಮಾಡಿಕೊಂಡ. ಮುಖವನ್ನು ಆದಷ್ಟು ಪ್ರಾಮಾಣಿಕವಾಗಿ ಇಟ್ಟುಕೊಂಡ.

"ಮೇಡಂ, ನಾನು ಮುಚ್ಚುಮರೆ ಮಾಡಲ್ಲ. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದನ್ನ ನೋಡಿದೋರು ಏನಂತಾರೆ ಅನ್ನೋದೂ ನಿಮಗೆ ಗೊತ್ತಿರ್ಬೇಕು. ಸಿಟ್ಟು ಬಂದಿರೋ ಇಸ್ತ್ರಿಪೆಟ್ಟಿಗೆ ಅಂತಾರೆ. ಮಲಗಿಸಿದ ಫ್ರಿಜ್ಜು ಅಂತಾರೆ. ಹಿಡಿಕೆ ಇಲ್ದೆ ಪ್ರಾರ್ಥನೆ ಮಾಡಿ ಬಾಗಿಲು ತೆಗೀಬೇಕಾ ಅಂತ ನಗ್ತಾರೆ. ಲಾರಿ ಕೆಳಗೆ ಸಿಕ್ಕ ಕಪ್ಪೆ ಅಂದೋರೂ ಇದಾರೆ. ಜನ ಬೈದೇ ಬೈತಾರೆ, ಅದಕ್ಕೆ ನೀವು ತಯಾರಾಗಿರ್ಬೇಕು."

ರಾವೆರಾನ ಹುಬ್ಬು ಮೇಲೇರಿತು. ನೊಯೆಮಿಯ ಕುತ್ತಿಗೆ ಕೆಂಪಾಯಿತು. ಆದರೆ ಅವಳು ಕಣ್ಣು ಕೆಳಗೆ ಹಾಕಲಿಲ್ಲ, ಅವನ ಮಾತನ್ನು ಪಾಠ ಕೇಳುವವಳಂತೆ ಕೇಳಿದಳು.

ಶ್ರೀಮತಿ ಫಾಂಗ್ ಮಾತ್ರ ನಕ್ಕುಬಿಟ್ಟಳು. "ಕಪ್ಪೆ! ಯಾರು ಹಾಗಂದದ್ದು?"

"ಕಾರು ಬಲ್ಲೋರು ಮೇಡಂ. ಜೀವನವೆಲ್ಲ ಕಾರು ನೋಡಿದೋರು."

"ಅವರ ವಯಸ್ಸು?"

"ನನ್ನ ವಯಸ್ಸು. ಒಂದೆರಡು ವರ್ಷ ಹೆಚ್ಚೇ ಇರಬಹುದು."

"ಅದೇ ಜನ ಎಡಗಡೇದಕ್ಕೆ ಏನಂದ್ರು?"

ಎಲ್ವಿಯೊನ ಎದೆ ಉಬ್ಬಿತು. ತನ್ನ ಮಗ್ಗುಲಿನ ಬಗ್ಗೆ ಮಾತಾಡಕೂಡದು ಎಂಬ ಕಾನೂನು, ಆದರೆ ಗಿರಾಕಿಯೇ ಕೇಳಿದರೆ ಏನು ಮಾಡುವುದು? "ಇಂಥದ್ದು ನೋಡಿ ನಲವತ್ತು ವರ್ಷ ಆಯ್ತು ಅಂದ್ರು. ಒಬ್ಬ ಅತ್ತುಬಿಟ್ಟ."

ಶ್ರೀಮತಿ ಫಾಂಗ್ ತಲೆಯಾಡಿಸಿದಳು. ಎಡಕ್ಕೆ ಹೋಗಿ ನಿಂತಳು, ಬಲಕ್ಕೆ ಬಂದಳು. ಮತ್ತೆ ಎಡಕ್ಕೆ ಹೋದವಳು ಬೇಗ ತಿರುಗಿ ಬಂದು, ಬಲಮಗ್ಗುಲಿನ ಮುಂದೆ ಬಹಳ ಹೊತ್ತು ನಿಂತಳು.

"ನಲವತ್ತು ವರ್ಷ," ಎಂದಳು ತನಗೇ ಹೇಳಿಕೊಂಡಂತೆ. "ನಿಜ. ಎಡಗಡೇದು ತುಂಬ ಚೆನ್ನಾಗಿದೆ. ನಾನು ಇಲ್ಲಿ ಓದ್ತಿದ್ದಾಗ ಮ್ಯೂಸಿಯಂಗೆ ಹೋಗಿ ಇಂಥವನ್ನೇ ನೋಡ್ತಾ ನಿಲ್ತಿದ್ದೆ. ಅದನ್ನ ಇವತ್ತು ಎಲ್ಲರೂ ಪ್ರೀತಿಸ್ತಾರೆ, ಯಾಕಂದ್ರೆ ಅಂಥದ್ದನ್ನ ನಲವತ್ತು ವರ್ಷದ ಹಿಂದೇನೇ ಪ್ರೀತಿಸಿ ಆಗಿದೆ. ಇದನ್ನ ಬೈತಾರೆ. ಈ ಊರಿನ ಕಾಫಿ ಅಂಗಡಿಗಳಲ್ಲಿ ಮೊದಲು ಬೈಸ್ಕೊಳ್ಳದೆ ದೊಡ್ಡದಾದ ಕಾರು ಒಂದಾದ್ರೂ ಇದೆಯಾ, ನೀವೇ ಹೇಳಿ."

ಎಲ್ವಿಯೊನಿಗೆ ಆಗ ಪಿಯೆರಾಳ ಮಾತು ನೆನಪಾಯಿತು. ಬಾಗಿಲಿಗೆ ಇಡುವ ಬೆಣೆ. ಹಲ್ಲು ಕೀಳುವ ಕೋಣೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಬಲಗಡೇದು," ಎಂದಳು ಶ್ರೀಮತಿ ಫಾಂಗ್. ಹೊರಡುವ ಮುಂಚೆ ಎಡಮಗ್ಗುಲಿಗೆ ಹೋಗಿ ಒಮ್ಮೆ ಬಗ್ಗಿ ಅಲ್ಯೂಮಿನಿಯಂ ಹಿಡಿಕೆಯನ್ನು ಹಿಡಿದು ನೋಡಿದಳು. "ಆದ್ರೆ ಈ ಹಿಡಿಕೆ ಅದಕ್ಕೆ ಹಾಕಿ. ಕೈ ತಾನಾಗೇ ಹುಡುಕ್ಕೊಂಡು ಬರುತ್ತೆ."

ಸಂಜೆ ಮಣ್ಣಿನ ಕೋಣೆಯಲ್ಲಿ ನೊಯೆಮಿ ಅವನನ್ನು ಹುಡುಕಿಕೊಂಡು ಬಂದಳು. ಗೆದ್ದವಳಿಗೆ ಇರಬೇಕಾದ ಸಂತೋಷ ಮುಖದಲ್ಲಿ ಇರಲಿಲ್ಲ.

"ಮೇಷ್ಟ್ರೇ, ನಿಮ್ಮದೇ ಬರಬೇಕಿತ್ತು."

"ಬಿಡಮ್ಮ."

"ಇಲ್ಲ, ಒಂದು ಮಾತು ಹೇಳ್ಬೇಕು. ಬೇರೆಯೋರಾಗಿದ್ರೆ ಸುಮ್ನೆ ಬಾಯಿಮಾತಿಗೆ ಹೊಗಳಿ ನನ್ನ ಮುಳುಗಿಸಿರೋರು. ನೀವು ಇದ್ದದ್ದು ಇದ್ದ ಹಾಗೆ ಹೇಳಿದ್ರಿ. ಮೊದಲು ನನಗೆ ಕೋಪ ಬಂತು, ಸುಳ್ಳು ಹೇಳಲ್ಲ. ಆಮೇಲೆ ಗೊತ್ತಾಯ್ತು, ಮೇಡಂ ತಿರುಗಿ ನೋಡಿದ್ದೇ ನಿಮ್ಮ ಮಾತಿಂದ. ಸೋಲ್ತೀನಿ ಅಂತ ಗೊತ್ತಿದ್ದೂ ಹಾಗೆ ಮಾತಾಡೋಕೆ ದೊಡ್ಡ ಮನಸ್ಸು ಬೇಕು."

ಎಲ್ವಿಯೊನಿಗೆ ನಾಚಿಕೆಯಾಯಿತು. ಸೋಲಿನ ನೋವು ಮಧ್ಯಾಹ್ನದಿಂದ ಇತ್ತು, ಅದಕ್ಕೆ ಅವನು ಹಳಬ. ಈ ನಾಚಿಕೆ ಹೊಸದು, ಅದನ್ನು ಎಲ್ಲಿಡಬೇಕು ಎಂದೇ ಅವನಿಗೆ ತಿಳಿಯಲಿಲ್ಲ. ಹೇಳಿಬಿಡಲೇ ಎನ್ನಿಸಿತು. ಹೇಳಿದರೆ ಅವಳ ಪಾಲಿಗೆ ಇದ್ದ ಒಬ್ಬ ಮೇಷ್ಟ್ರೂ ಇಲ್ಲವಾಗುತ್ತಾನೆ. ಅವನು ಸುಮ್ಮನೆ ಅವಳ ಭುಜ ತಟ್ಟಿ, ಎಡಮಗ್ಗುಲಿಗೆ ಹೋಗಿ, ಹಿಡಿಕೆಯ ತಿರುಪುಗಳನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ಬೆಳಿಗ್ಗೆ ಬರುವಷ್ಟರಲ್ಲಿ ಆ ಬೆನ್ನನ್ನು ಕೆರೆದು ಬಕೆಟ್ಟಿಗೆ ತುಂಬಿದ್ದರು. ಮಣ್ಣನ್ನು ಯಾರೂ ಬಿಸಾಡುವುದಿಲ್ಲ, ಬಿಸಿಮಾಡಿ ಮತ್ತೆ ಬಳಸುತ್ತಾರೆ.

ಅವನು ನಿವೃತ್ತನಾಗಿ ಎರಡು ವರ್ಷದ ಮೇಲೆ ಕಾರು ರಸ್ತೆಗೆ ಬಂತು. ಒಂದು ಶನಿವಾರ ಬೆಳಿಗ್ಗೆ ಯಾರೋ ಅದನ್ನು ತಂದು ಪಿಯೆರಾಳ ಅಂಗಡಿಯ ಎದುರಿಗೇ ನಿಲ್ಲಿಸಿ ಪಕ್ಕದ ಬೇಕರಿಗೆ ಹೋದರು. ಕಡುಹಸಿರು ಬಣ್ಣ. ಅಂಗಡಿ ಖಾಲಿಯಾಗಿ ಎಲ್ಲರೂ ಫುಟ್‌ಪಾತಿನ ಮೇಲೆ ನಿಂತರು. ಎಲ್ವಿಯೊನೂ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದ.

"ಬಂತಪ್ಪಾ ಕಪ್ಪೆ," ಎಂದ ನಾಂದೊ.

ರೇಮೊ ಸುತ್ತ ಒಂದು ಪ್ರದಕ್ಷಿಣೆ ಬಂದ. ಮೊದಲಿನಷ್ಟು ಜೋರಾಗಿ ಬೈಯಲಿಲ್ಲ. "ಚಿತ್ರದಲ್ಲಿ ಇದ್ದಷ್ಟು ಕೆಟ್ಟದಾಗಿಲ್ಲ ಅನ್ನು," ಎಂದ. ಇನ್ನೊಂದು ಸುತ್ತು ಬಂದ. "ಮುಂಭಾಗಕ್ಕೆ ಒಂಥರಾ ಪೊಗರಿದೆ."

"ಶುರುವಾಯ್ತು," ಎಂದಳು ಪಿಯೆರಾ. "ಮುಂದಿನ ತಿಂಗಳು ಇದರ ಚಿತ್ರ ಗೋಡೆಗೆ ಬರುತ್ತೆ ನೋಡಿ."

ಕಾರಿನ ಒಡತಿ ಬ್ರೆಡ್ಡಿನ ಚೀಲ ಹಿಡಿದು ಬಂದಳು. ರೇಮೊ ಸಂಕೋಚವಿಲ್ಲದೆ ಕೇಳಿದ, "ಒಂದ್ಸಲ ಬಾಗಿಲು ತೆಗೀಲಾ?" ಅವಳು ನಕ್ಕು ಒಪ್ಪಿದಳು. ರೇಮೊನ ಕೈ ಹುಡುಕದೆ ನೇರವಾಗಿ ಹಿಡಿಕೆಗೆ ಹೋಯಿತು. ಬಾಗಿಲು ಮೆಲ್ಲಗೆ, ಗಟ್ಟಿಯಾದ ಒಂದು ಸದ್ದಿನೊಂದಿಗೆ ತೆರೆಯಿತು. ಅವನು ಮುಚ್ಚಿದ, ಮತ್ತೆ ತೆರೆದ. ನಾಂದೊನೂ ಒಮ್ಮೆ ತೆರೆದು ನೋಡಿದ. ಇಬ್ಬರೂ ಮಕ್ಕಳ ಹಾಗೆ ಸರದಿ ಹಾಕಿಕೊಂಡರು.

"ಏನು ಹಿಡಿಕೆ ಕಣೋ ಇದು!" ಎಂದ ರೇಮೊ. "ಕೈಕುಲುಕಿದ ಹಾಗಿದೆ. ಇದನ್ನ ಮಾಡಿದ ಪುಣ್ಯಾತ್ಮ ಯಾರೋ, ಇಡೀ ಕಾರನ್ನ ಅವನ ಕೈಗೇ ಕೊಡಬೇಕಿತ್ತು."

"ಕೊಟ್ಟಿದ್ರು," ಎಂದ ಎಲ್ವಿಯೊ.

ಎಲ್ಲರೂ ತಿರುಗಿ ನೋಡಿದರು. ಮೂವತ್ತು ಚಿಲ್ಲರೆ ವರ್ಷಗಳಲ್ಲಿ ರಸ್ತೆ ಕಾಣದ ಕಾರಿನ ಬಗ್ಗೆ ಬಾಯಿ ಬಿಟ್ಟು ಅವನು ಕಟ್ಟಳೆ ಮುರಿದದ್ದು ಇದೇ ಮೊದಲು. ರೇಮೊನ ಬಾಯಿ ತೆರೆದುಕೊಂಡಿತು. ಆ ಎಡಮಗ್ಗುಲು, ಆ ಬೆನ್ನು, ನಾಂದೊನ ಕಣ್ಣೀರು, ಎಲ್ಲವೂ ಅವನ ಮುಖದಲ್ಲಿ ಒಂದರ ಹಿಂದೆ ಒಂದು ಬಂದು ಹೋದವು.

"ಅಯ್ಯೋ ಎಲ್ವಿಯೊ, ಅದು ನಿಂದಾ? ಮತ್ತೆ ಹೇಗೋ ಕಳ್ಕೊಂಡೆ?"

"ನೀವು ಈ ಕಾರಿಗೆ ಬೈದಿದ್ರಲ್ಲ, ಅಷ್ಟನ್ನೂ ಹೋಗಿ ಅವರಿಗೆ ಒಪ್ಪಿಸಿದೆ," ಎಂದ ಎಲ್ವಿಯೊ. "ಆ ಹುಡುಗಿ ನಂದನ್ನ ಹೊಗಳ್ತಾ ಇದ್ಲು, ನಾನು ಅವಳದನ್ನ ಕೆಡವೋಕೆ ಹೋದೆ."

ಕಾರಿನ ಒಡತಿ ಯಾರ ಮಾತೂ ಅರ್ಥವಾಗದೆ, ಹಿಡಿಕೆ ಹಿಡಿದು ಬಾಗಿಲು ತೆರೆದು, ಒಳಗೆ ಕೂತು ಹೊರಟುಹೋದಳು. ಪಿಯೆರಾ ಎಲ್ವಿಯೊನ ಕೈಯಿಂದ ಖಾಲಿ ಬಟ್ಟಲು ತೆಗೆದುಕೊಂಡಳು.

"ಆ ಹುಡುಗಿಗೆ ಇದು ಗೊತ್ತಾ?" ಎಂದಳು.

"ಇಲ್ಲ. ಇನ್ನೂ ಮೇಷ್ಟ್ರೇ ಅಂತಾಳೆ. ಪ್ರತಿ ಕ್ರಿಸ್‌ಮಸ್ಸಿಗೆ ಫೋನ್ ಮಾಡ್ತಾಳೆ."

"ಒಳಗೆ ಬಾ," ಎಂದಳು ಪಿಯೆರಾ. "ಇನ್ನೊಂದು ಕಾಫಿ ಕುಡಿ. ಆಮೇಲೆ ಈ ಸಲ ನೀನೇ ಅವಳಿಗೆ ಫೋನ್ ಮಾಡು."